ಆರೂ ಐವತ್ತರ ಗಿರಣಿ

ವಿಭಾವರಿ ತೆಗೆದ ಪಿಕ್ಚರ್ ನಮ್ಮೂರಿನ ಟಾಕೀಸಿಗೆ ಬಂದು ಹೋಗಿ ಎರಡು ತಿಂಗಳಾಯಿತು. ಅದರ ಮೇಲಿನ ಜಗಳ ಮಾತ್ರ ಇನ್ನೂ ನಿಂತಿಲ್ಲ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವರು ಕುರ್ಚಿ ಬಿಟ್ಟೆದ್ದು ವಾದ ಮಾಡುತ್ತಾರೆ. ಅಂಥ ಪಿಕ್ಚರ್ ಈ ಭಾಗದಲ್ಲಿ ಇದುವರೆಗೆ ಯಾರೂ ತೆಗೆದಿಲ್ಲ ಎನ್ನುವವರಿದ್ದಾರೆ. ಊರಿನ ಮಾನವನ್ನು ಮೂರು ಕಾಸಿಗೆ ಹರಾಜು ಹಾಕಿದಳು ಎನ್ನುವವರಿದ್ದಾರೆ. ಬೆಳಿಗ್ಗೆ ಒಂದು ಹೇಳಿ ಸಂಜೆ ಇನ್ನೊಂದು ಹೇಳುವವರೂ ಇದ್ದಾರೆ. ನಾನು ಈ ಮೂರನೆಯ ಗುಂಪಿನವನು. ಆದರೆ ನನ್ನ ಅಭಿಪ್ರಾಯವನ್ನು ಈಗ ಯಾರೂ ಕೇಳುವುದಿಲ್ಲ. ಯಾಕೆ ಕೇಳುವುದಿಲ್ಲ ಎಂಬುದನ್ನು ಹೇಳಲೆಂದೇ ಕೂತಿದ್ದೇನೆ.

ನನ್ನ ಹೆಸರು ಗದಿಗೆಪ್ಪ. ಹಳೇ ಪೇಟೆಯ ತಿರುವಿನಲ್ಲಿರುವ ಹಿಟ್ಟಿನ ಗಿರಣಿ ನನ್ನದು. ಜೋಳ, ಗೋಧಿ, ಕಡಲೆ, ಏನು ತಂದರೂ ಬೀಸಿಕೊಡುತ್ತೇನೆ. ಖಾರ ಮಾತ್ರ ಬೀಸುವುದಿಲ್ಲ, ನನಗೆ ಕೆಮ್ಮು ಬರುತ್ತದೆ.

ನಮ್ಮೂರಿನಲ್ಲಿ ಬೀದಿಯಲ್ಲಿ ಕೊಲೆಯಾದವರ ಕಡೆಯ ಕೂಗು ಅಲ್ಲೇ ಉಳಿದುಬಿಡುತ್ತದೆ. ಪ್ರಾಣ ಹೋದ ಹೊತ್ತಿಗೆ ಸರಿಯಾಗಿ ದಿನಕ್ಕೊಮ್ಮೆ ಅದು ಕೇಳುತ್ತದೆ. ಹಾಸಿಗೆ ಹಿಡಿದು ಸತ್ತವರದು ಉಳಿಯುವುದಿಲ್ಲ, ಬಾವಿಗೆ ಬಿದ್ದವರದು, ಲಾರಿಗೆ ಸಿಕ್ಕವರದು ಉಳಿಯುವುದಿಲ್ಲ. ಮನುಷ್ಯರ ಕೈಯಿಂದ ಬೀದಿಯಲ್ಲಿ ಸತ್ತವರದಷ್ಟೇ. ನಾನು ಚಿಕ್ಕವನಿದ್ದಾಗ ಊರಲ್ಲಿ ಒಂದೇ ಕೂಗಿತ್ತು. ಈಗ ಏಳಾಗಿವೆ. ಬಾಡಿಗೆ ಮನೆ ನೋಡಲು ಬಂದವರು ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆಂದು ಕೇಳಿದ ಮೇಲೆ, ಇಲ್ಲಿ ಕೂಗು ಎಷ್ಟು ಹೊತ್ತಿಗೆ ಎಂದೂ ಕೇಳುತ್ತಾರೆ.

ಕೇಳುತ್ತ ಬದುಕುವುದು ಕಷ್ಟ. ಹಾಗಾಗಿ ಊರವರು ಸದ್ದಿನ ಪಾಳಿ ಮಾಡಿಕೊಂಡಿದ್ದಾರೆ. ಬಸ್ ಸ್ಟ್ಯಾಂಡಿನ ಎದುರಿನ ಕೂಗು ಬೆಳಿಗ್ಗೆ ಒಂಬತ್ತೂ ಕಾಲಿಗೆ. ಆ ಹೊತ್ತಿಗೆ ನಿಂತಿರುವ ಬಸ್ಸುಗಳೆಲ್ಲ ಒಟ್ಟಿಗೆ ಹಾರ್ನ್ ಒತ್ತುತ್ತವೆ. ಹೆಣ್ಣುಮಕ್ಕಳ ಶಾಲೆಯ ಹಿಂದಿನದು ಮಧ್ಯಾಹ್ನ ಎರಡಕ್ಕೆ. ಆಗ ಏಳೂ ತರಗತಿಯವರು ಗಂಟಲು ಹರಿಯುವಂತೆ ಹದಿನೇಳರ ಮಗ್ಗಿ ಹೇಳುತ್ತಾರೆ. ನಮ್ಮೂರಿನ ಹೆಂಗಸರಿಗೆ ಬೇರೆ ಲೆಕ್ಕ ಬರದಿದ್ದರೂ ಹದಿನೇಳರ ಮಗ್ಗಿ ನಿದ್ದೆಯಲ್ಲೂ ಬರುತ್ತದೆ. ತಾಮ್ರಗಾರರ ಓಣಿಯಲ್ಲಿ ಕೊಡ ಬಡಿಯುತ್ತಾರೆ. ನನ್ನ ಗಿರಣಿಯ ಮುಂದಿನ ಕೂಗು ಸಂಜೆ ಆರೂ ಐವತ್ತಕ್ಕೆ. ಅದರ ಪಾಳಿ ನನ್ನದು.

ಅದು ಬಸಲಿಂಗನ ಕೂಗು. ಬಾಡಿಗೆಗೆ ಟೆಂಪೋ ಓಡಿಸುತ್ತಿದ್ದ ಹುಡುಗ, ಇಪ್ಪತ್ತೇಳು ವರ್ಷ. ದಿನಾ ನನ್ನ ಗಿರಣಿಗೆ ಚೀಲ ತಂದು ಇಳಿಸುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ಪೇಟೆಯ ತಿರುವಿನಲ್ಲಿ ಬೈಕಿನವರಿಬ್ಬರಿಗೆ ದಾರಿ ಬಿಡಲಿಲ್ಲವಂತೆ. ಬಿಡಲು ಜಾಗವಿರಲಿಲ್ಲ, ಎದುರಿಗೆ ಕಬ್ಬಿಣ ಹೇರಿದ ಗಾಡಿ ನಿಂತಿತ್ತು. ಅಷ್ಟಕ್ಕೇ ಅವರು ಮನೆಗೆ ಹೋಗಿ ಮಚ್ಚು ತಂದರು. ಇಬ್ಬರೂ ಈಗ ಜೈಲಿನಲ್ಲಿದ್ದಾರೆ, ಅವರ ಬಗ್ಗೆ ನನಗೆ ಹೇಳುವುದೇನೂ ಇಲ್ಲ.

ಬಸಲಿಂಗನ ಹೆಂಡತಿ ಮಹಾನಂದಾ ಪೇಟೆಯ ಹಿಂದೆಯೇ ಇದ್ದಾಳೆ. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ, ದಿನಾ ಡಬ್ಬಿ ಹೊತ್ತುಕೊಂಡು ನನ್ನಲ್ಲಿಗೇ ಬರುತ್ತಾಳೆ. ಗಂಡನ ಕೂಗು ಅವಳ ಕಿವಿಗೆ ಬೀಳಬಾರದೆಂದು ಗದಿಗೆಪ್ಪ ಕಾಕಾ ಹನ್ನೊಂದು ವರ್ಷದಿಂದ ಒಂದು ದಿನವೂ ತಪ್ಪಿಸದೆ ಗಿರಣಿ ಹಚ್ಚುತ್ತಾನೆ ಎಂದು ಊರೆಲ್ಲ ಹೇಳುತ್ತಿತ್ತು. ತಪ್ಪಿಸಿರಲಿಲ್ಲ, ಅದು ನಿಜ. ಕರೆಂಟು ಹೋದರೆ ಇರಲೆಂದು ಡೀಸೆಲ್ ಎಂಜಿನ್ ಇಟ್ಟಿದ್ದೆ. ಮಗಳ ಮದುವೆಯನ್ನು ಬೀಗರ ಊರಲ್ಲಿ ಮಾಡಲು ಒಪ್ಪದೆ ಇಲ್ಲೇ ಮಾಡಿ, ಆರತಿಯ ನಡುವೆ ಎದ್ದು ಬಂದು ಗಿರಣಿ ಹಚ್ಚಿ ಹೋಗಿದ್ದೆ. ಅವತ್ತು ಬೀಗರೇ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ವರ್ತಕರ ಸಂಘದವರು ಒಮ್ಮೆ ಶಾಲು ಹೊದಿಸಿದರು. ಆ ಶಾಲನ್ನು ನಾನು ಇದುವರೆಗೆ ಹೊದ್ದಿಲ್ಲ.

ಯಾಕೆಂದರೆ ಆ ಸಂಜೆ ನಾನು ಒಳಗಿದ್ದೆ. ಕರೆಂಟು ಇರಲಿಲ್ಲ, ಗಿರಣಿ ನಿಂತಿತ್ತು, ಸವೆದ ಕಲ್ಲನ್ನು ಉಳಿ ಹಿಡಿದು ಕೆತ್ತುತ್ತ ಕುಳಿತಿದ್ದೆ. ಹೊರಗೆ ಗದ್ದಲ ಕೇಳಿ ಇಣುಕಿದೆ. ಮಚ್ಚು ಕಂಡಿತು, ಬೀದಿಯಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ಶಟರ್ ಎಳೆದುಕೊಂಡೆ. ಅವನು ಓಡಿ ಬಂದು ಶಟರ್ ಬಡಿದ. "ಯವ್ವಾ" ಅಂದ. ಆಮೇಲೆ ಸ್ಪಷ್ಟವಾಗಿ, ದಿನಾ ಮಾತಾಡಿಸುವ ದನಿಯಲ್ಲೇ, "ಗದಿಗೆಪ್ಪ ಕಾಕಾ, ಬಾಗಲಾ ತಗೀ. ನೀ ಒಳಗ ಅದೀ ಅಂತ ಗೊತ್ತೈತಿ ನನಗ" ಅಂದ. ನಾನು ತೆಗೆಯಲಿಲ್ಲ. ಹಿತ್ತಲ ಬಾಗಿಲಿನಿಂದ ಹೊರಬಿದ್ದು ಹಿಂದಿನ ಓಣಿಯ ಚಹಾದಂಗಡಿಗೆ ಹೋದೆ. ನಾನು ಅಲ್ಲಿದ್ದೆನೆಂದು ನಾಲ್ಕು ಜನ ನೋಡಲಿ ಎಂದು ಎರಡು ಕಪ್ ಚಹಾ ಕುಡಿದೆ. ಪೊಲೀಸರಿಗೂ, ಮಹಾನಂದಾಳಿಗೂ, ನನ್ನ ಹೆಂಡತಿಗೂ ಹೇಳಿದ್ದು ಅದನ್ನೇ, ನಾನು ಚಹಾಕ್ಕೆ ಹೋಗಿದ್ದೆ ಅಂತ. ಮರುದಿನ ಆರೂ ನಲವತ್ತೈದಕ್ಕೇ ಗಿರಣಿ ಹಚ್ಚಿದೆ. ಆ ಸದ್ದಿನ ನಡುವೆ ಅವನ ಮಾತು ಕೇಳುತ್ತಿದ್ದುದು ಶಟರಿಗೆ ಒರಗಿ ನಿಲ್ಲುವ ನನಗೊಬ್ಬನಿಗೇ.

ವಿಭಾವರಿ ನಮ್ಮೂರಿನವಳೇ. ಡ್ರಿಲ್ ಮಾಸ್ತರ ಮಗಳು, ಹೊರಗೆ ಹೋಗಿ ಪಿಕ್ಚರ್ ತೆಗೆಯುವುದನ್ನು ಕಲಿತು ಬಂದಿದ್ದಳು. ಏಳೂ ಕೊಲೆಗಳ ಮೇಲೆ ಮೂರು ತಾಸಿನ ಪಿಕ್ಚರ್ ಮಾಡುತ್ತೇನೆ, ಇಂಥ ಊರುಗಳಲ್ಲಿ ಮನುಷ್ಯನ ಮೇಲೆ ಮನುಷ್ಯ ಕೈಯೆತ್ತುವುದು ಇಷ್ಟು ಸಲೀಸಾದದ್ದು ಹೇಗೆ ಎಂದು ತೋರಿಸುತ್ತೇನೆ ಎಂದಳು. ಪಿಕ್ಚರಿನ ಹೆಸರು 'ಏಳು ಕೂಗು'. ಬರೇ ನಟರನ್ನು ಕಿರುಚಿಸಿದರೆ ಸಾಲದು, ಖರೇ ಕೂಗುಗಳೇ ಬೇಕು ಎಂಬುದು ಅವಳ ಹಟ. ಆರು ಕಡೆ ಕಾಡಿ ಬೇಡಿ ಒಂದೊಂದು ದಿನ ಸದ್ದು ನಿಲ್ಲಿಸಿ ರೆಕಾರ್ಡ್ ಮಾಡಿಕೊಂಡು, ಕಡೆಗೆ ನನ್ನ ಗಿರಣಿಗೆ ಬಂದಳು.

"ಒಂದ ದಿನ ಕಾಕಾ. ಹತ್ತ ನಿಮಿಷ. ಗಿರಣಿ ಹಚ್ಚಬ್ಯಾಡ್ರಿ."

"ಆಗೂದಿಲ್ಲ ತಂಗಿ."

"ಯಾಕ್ರಿ?"

"ಮಹಾನಂದಾನ ಸಂಕಟ ನಿನಗ ಗೊತ್ತಿಲ್ಲ. ಆಕಿ ಕಿವಿಗೆ ಬಿದ್ರ ಏನ ಗತಿ?"

"ಆಕಿನ್ನ ಕೇಳೇ ಬಂದೇನ್ರಿ. ಆಕಿ ಹೂಂ ಅಂದಾಳ."

ನಾನು ನಂಬಲಿಲ್ಲ. ಮರುದಿನ ಮಹಾನಂದಾ ಡಬ್ಬಿ ತಂದಾಗ ಕೇಳಿದೆ. ಅವಳು ಡಬ್ಬಿಯನ್ನು ತೂಕದ ಕಲ್ಲಿನ ಪಕ್ಕ ಇಟ್ಟು, ಸೆರಗಿನಿಂದ ಹಿಟ್ಟು ಒರೆಸಿಕೊಂಡಳು.

"ನೀವು ನನ್ನ ಸಲುವಾಗಿ ಗಿರಣಿ ಹಚ್ಚತೀರಿ ಅಂತ ಗೊತ್ತೈತ್ರಿ ಕಾಕಾ. ನಿಮ್ಮ ಉಪಕಾರ ಈ ಜನ್ಮದಾಗ ತೀರಸಾಕ ಆಗೂದಿಲ್ಲ. ಆದ್ರ ಒಂದ ಸಲ ಕೇಳಬೇಕನಸೈತ್ರಿ. ಅಂವನ ದನಿ ಮರತು ಹೊಂಟೈತಿ ನನಗ. ಫೋಟೋ ಐತಿ, ಅಂಗಿ ಐತಿ. ದನಿ ಇಲ್ಲ."

"ಹಂಗಾದ್ರ ಆಕಿ ರೆಕಾರ್ಡ್ ಮಾಡೂ ದಿನ ಬರತೀ ಏನು?"

"ಇಲ್ರಿ. ಒಬ್ಬಾಕಿನ ನಿಂತು ಕೇಳೂ ಧೈರ್ಯ ಇಲ್ಲ. ಟಾಕೀಸ್ನ್ಯಾಗ ಮಂದಿ ನಡುವ ಕೂತು ಕೇಳತೀನಿ."

ಇಷ್ಟು ಹೇಳಿದ ಮೇಲೆ ಒಲ್ಲೆ ಎನ್ನಲು ನನ್ನ ಬಳಿ ಯಾವ ನೆಪವಿತ್ತು? ಸರಿ ಎಂದೆ. ಆ ರಾತ್ರಿಯಿಂದ ನನಗೆ ಅನ್ನ ಸೇರಲಿಲ್ಲ. ಹೆಂಡತಿ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ರೆಕಾರ್ಡ್ ಮಾಡುವ ದಿನ ವಿಭಾವರಿ ಒಬ್ಬಳೇ ಬಂದಳು. ಕಿವಿಗೆ ದಪ್ಪನೆಯದೊಂದು ಸಾಧನ ಹಾಕಿಕೊಂಡು, ಕೋಲಿನ ತುದಿಯ ಮೈಕನ್ನು ಶಟರಿನ ಮುಂದೆ ಹಿಡಿದು ನಿಂತಳು. ಪೇಟೆಯವರು ಹಾರ್ನ್, ರೇಡಿಯೋ, ಮಾತು ಎಲ್ಲ ನಿಲ್ಲಿಸಿ ದೂರ ಸರಿದಿದ್ದರು. ನಾನು ಸ್ವಿಚ್ಚಿನ ಪಕ್ಕ ನಿಂತೆ. ಆಗಿದ್ದಾಗಲಿ, ಇವತ್ತಿಗೆ ಮುಗಿದೇ ಹೋಗಲಿ ಎಂದು ನಿಜವಾಗಿಯೂ ಅಂದುಕೊಂಡಿದ್ದೆ. ಆರೂ ಐವತ್ತಾಯಿತು. "ಯವ್ವಾ" ಎಂದು ಕೇಳಿತು. ಸದ್ದಿಲ್ಲದ ಬೀದಿಯಲ್ಲಿ ಅದು ಎಷ್ಟು ಹತ್ತಿರದಿಂದ ಬಂತೆಂದರೆ, ಅವನು ಮತ್ತೆ ಶಟರಿಗೆ ಕೈಯಿಟ್ಟಿದ್ದಾನೆ ಅನ್ನಿಸಿತು. ಮುಂದಿನದು ನನ್ನ ಹೆಸರು. ನಾನು ಸ್ವಿಚ್ ಒತ್ತಿದೆ.

ಗಿರಣಿ ಗರ್ರೆಂದು ತಿರುಗಿತು. ವಿಭಾವರಿ ಕಿವಿಯದನ್ನು ಕಿತ್ತು ಒಳಗೆ ಓಡಿ ಬಂದಳು. "ಏನ ಮಾಡಿದ್ರಿ ಕಾಕಾ!" ಎಂದು ಕೂಗಿದಳು.

"ಆಗಲಿಲ್ಲ ತಂಗಿ. ಕೇಳಾಕ ಆಗಲಿಲ್ಲ ನನಗ."

ನನಗೆ ಅಳು ಬಂದಿತ್ತು. ಅದು ನಾಟಕದ ಅಳುವಲ್ಲ. ಆದರೆ ಅವಳು ತಿಳಿದುಕೊಂಡ ಕಾರಣಕ್ಕೆ ಬಂದ ಅಳುವೂ ಅಲ್ಲ. ಅವಳು ನನ್ನ ಹಿಟ್ಟುಗೈಯನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತಳು. ನಾಳೆ ಇನ್ನೊಮ್ಮೆ ರೆಕಾರ್ಡ್ ಮಾಡುತ್ತೇನೆ ಎನ್ನುತ್ತಾಳೇನೋ ಎಂದು ನಾನು ಹೆದರಿದ್ದೆ. ಅವಳು ಗಿರಣಿಯ ಸದ್ದನ್ನೇ ಕೇಳುತ್ತಿದ್ದಳು. ಕೇಳುತ್ತ ಕೇಳುತ್ತ ಮುಖ ಬೇರೆಯಾಯಿತು. "ಇರಲಿ ಬಿಡ್ರಿ ಕಾಕಾ. ಇದ ಛಲೋ ಆತು" ಎಂದು ಮೈಕು ಮಡಚಿಕೊಂಡು ಹೋದಳು. ಏನು ಛಲೋ ಆಯಿತೆಂದು ನನಗೆ ಆಗ ತಿಳಿಯಲಿಲ್ಲ.

ಪಿಕ್ಚರ್ ಮೊದಲು ದೊಡ್ಡ ಊರುಗಳಲ್ಲಿ ತೆರೆಕಂಡಿತು. ಪೇಪರಿನವರು ಹೊಗಳಿದ್ದೇ ಹೊಗಳಿದ್ದು. ಕತ್ತಲೆಯ ಪರದೆಯ ಮೇಲೆ ನಾಲ್ಕು ನಿಮಿಷ ಬರೀ ಗಿರಣಿಯ ಸದ್ದು ಕೇಳುವುದಂತೆ, ಕಿವುಡಾದ ಊರನ್ನು ಹೀಗೆ ಯಾರೂ ತೋರಿಸಿರಲಿಲ್ಲವಂತೆ. ಕ್ಷೌರದಂಗಡಿಯವನು ಅದನ್ನು ಗಟ್ಟಿಯಾಗಿ ಓದಿ ಹೇಳಿದ. ಪೋಸ್ಟರ್ ಬಂದಾಗ ಊರು ಇನ್ನಷ್ಟು ಎದ್ದಿತು. ಅದರಲ್ಲಿ ಚೆಂದದ ನಟನೊಬ್ಬ ಮಚ್ಚನ್ನು ಹೆಗಲ ಮೇಲೆ ಇಟ್ಟುಕೊಂಡು ಮಳೆಯಲ್ಲಿ ನಡೆದುಬರುತ್ತಿದ್ದ. ನಮ್ಮ ಪೇಟೆಯ ಹುಡುಗರು ಅವನಂತೆ ಕೂದಲು ಬಿಟ್ಟರು. ಬಸಲಿಂಗ ಬಿದ್ದ ಜಾಗದಲ್ಲೇ ನಿಂತು, ಹೆಗಲ ಮೇಲೆ ಕ್ರಿಕೆಟ್ ಬ್ಯಾಟ್ ಇಟ್ಟುಕೊಂಡು ಫೋಟೋ ತೆಗೆಸಿಕೊಂಡರು. ನಾನು ಕಸಬರಿಗೆ ಹಿಡಿದು ಅಟ್ಟಿಸಿದೆ. ಕೊಲೆ ಮಾಡುವವನು ಚೆಂದ ಕಾಣುವುದಾದರೆ ಆ ಪಿಕ್ಚರ್ ಸುಡಬೇಕು ಎಂದು ಅವತ್ತು ನಾನೇ ಬಾಯಿ ಬಿಟ್ಟು ಹೇಳಿದೆ, ಈಗಲೂ ಅದೇ ಹೇಳುತ್ತೇನೆ.

ಅದೇ ವಾರ ವರ್ತಕರ ಸಂಘದ ಅಧ್ಯಕ್ಷ, ಕಬ್ಬಿಣದ ವ್ಯಾಪಾರಿ ಕಲ್ಮೇಶಪ್ಪ ಒಂದು ಅರ್ಜಿ ಹಿಡಿದು ಬಂದ. ಊರಲ್ಲಿ ಈ ಪಿಕ್ಚರ್ ನಡೆಸಬಾರದೆಂದು ತಹಶೀಲ್ದಾರ ಸಾಹೇಬರಿಗೆ ಬರೆದ ಅರ್ಜಿ. ಅವನ ಮೋರೆ ಕೆಂಪಾಗಿತ್ತು.

"ನೋಡಿ ಬಂದವರು ಹೇಳಿದ್ರೋ ಗದಿಗೆಪ್ಪ. ಅದರಾಗ ಗಿರಣಿ ಮಾಲಕ ಅದಾನಂತ. ಕೊಲಿ ನಡಿಯೂ ಮುಂದ ಒಳಗ ಕುಂತು ಶಟರ್ ಎಳಕೊಳ್ಳತಾನಂತ. ನಿನ್ನ ಹೇಡಿ ಮಾಡ್ಯಾಳ ಆಕಿ! ನೀ ಆ ಹೊತ್ತಿನ್ಯಾಗ ಚಾದಂಗಡ್ಯಾಗ ಇದ್ದಿ ಅಂತ ಊರಿಗೆ ಊರೇ ಹೇಳತೈತಿ. ಮೊದಲ ಸಹಿ ನಿಂದ ಬೇಕು."

ನಾನು ಪೆನ್ನು ಹಿಡಿದೆ. ವಿಭಾವರಿಗೆ ಯಾರು ಹೇಳಿದರು? ಯಾರೂ ಹೇಳಿರಲಾರರು, ನೋಡಿದವರು ಯಾರೂ ಇಲ್ಲ. ಕಥೆಗೆ ಬೇಕಾಗಿ ತಾನೇ ಕಟ್ಟಿಕೊಂಡಿದ್ದಳು, ಕಟ್ಟಿಕೊಂಡದ್ದು ನಿಜವಾಗಿಬಿಟ್ಟಿತ್ತು. ಸಹಿ ಹಾಕಿದರೆ ಪಿಕ್ಚರ್ ನಿಲ್ಲುತ್ತಿತ್ತು, ನಾನು ಉಳಿಯುತ್ತಿದ್ದೆ. ಮಹಾನಂದಾ ಮಾತ್ರ ಟಾಕೀಸಿನಲ್ಲಿ ಗಂಡನ ದನಿ ಕೇಳುತ್ತೇನೆಂದು ಹೊಸ ಸೀರೆಗೆ ಫಾಲ್ ಹಚ್ಚಿಸಿ ಇಟ್ಟುಕೊಂಡಿದ್ದಳು. ಒಂದು "ಯವ್ವಾ" ಬಿಟ್ಟರೆ ಕೇಳಲು ಅಲ್ಲಿ ದನಿಯೇ ಇಲ್ಲವೆಂದು ಗೊತ್ತಿದ್ದವನು ನಾನು. ಅದನ್ನು ಹೇಳುವ ಧೈರ್ಯವಿಲ್ಲದೆ, ಪೆನ್ನು ಕೆಳಗಿಟ್ಟು, "ನೋಡಿ ಸಹಿ ಮಾಡತೀನಿ" ಎಂದೆ. ಕಲ್ಮೇಶಪ್ಪನಿಗೆ ಇದು ಬಹಳ ನ್ಯಾಯವಾದ ಮಾತಾಗಿ ಕಂಡಿತು. ಎಲ್ಲರೂ ಮೊದಲ ಆಟಕ್ಕೇ ಹೋಗುವುದೆಂದು ಠರಾವಾಯಿತು.

ಮಧ್ಯಾಹ್ನದ ಆಟ. ಟಾಕೀಸು ತುಂಬಿ ಬಾಗಿಲಲ್ಲೂ ಜನ ನಿಂತಿದ್ದರು. ಮಹಾನಂದಾ ನನ್ನ ಪಕ್ಕವೇ ಕೂತಳು. ನಾನು ಜೊತೆಯಲ್ಲಿದ್ದರೆ ಧೈರ್ಯ ಎಂದಳು. ಬಾಗಿಲ ಪರದೆಯ ಹತ್ತಿರ ವಿಭಾವರಿ ಉಗುರು ಕಚ್ಚುತ್ತ ನಿಂತಿದ್ದಳು.

ಆ ಪಿಕ್ಚರನ್ನು ನಾನು ಹೇಗೆ ಹೇಳಲಿ! ನಮ್ಮ ಪೇಟೆಯನ್ನು ಅಷ್ಟು ಚೆನ್ನಾಗಿ ನಾನೇ ನೋಡಿರಲಿಲ್ಲ. ಬೆಳಗಿನ ಜಾವ ತರಕಾರಿ ಗಾಡಿಗಳು ಬರುವುದು, ಕೆಲಸವಿಲ್ಲದ ಹುಡುಗರು ಕಟ್ಟೆಯ ಮೇಲೆ ಕೂತು ಒಬ್ಬರನ್ನೊಬ್ಬರು ಕೆಣಕುವುದು, ಒಂದು ಸಣ್ಣ ಬೈಗುಳ ಸಂಜೆಯ ಹೊತ್ತಿಗೆ ದೊಡ್ಡದಾಗಿ ಬೆಳೆಯುವುದು, ಎಲ್ಲವೂ ಕಣ್ಣಿಗೆ ಕಟ್ಟುವಂತಿತ್ತು. ನನ್ನ ಕಣ್ಣು ಎರಡು ಸಲ ತುಂಬಿತು. ಮರುಗಳಿಗೆಗೆ ಮಚ್ಚು ಬರುತ್ತಿತ್ತು, ತಮಟೆ ಮೊಳಗುತ್ತಿತ್ತು, ರಕ್ತ ನಿಧಾನವಾಗಿ ಗುಲಾಲಿನ ಹಾಗೆ ಚಿಮ್ಮುತ್ತಿತ್ತು, ಮುಂದಿನ ಸಾಲಿನ ಹುಡುಗರು ಸೀಟಿ ಹೊಡೆಯುತ್ತಿದ್ದರು. ಸೀಟಿ ಹೊಡೆಯಲೆಂದೇ ಹಾಗೆ ತೆಗೆದಿದ್ದಳೋ, ಹೊಡೆದವರಿಗೆ ನಾಚಿಕೆಯಾಗಲೆಂದು ತೆಗೆದಿದ್ದಳೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಹೊಡೆದವರಲ್ಲಿ ಒಬ್ಬನಿಗೂ ನಾಚಿಕೆಯಾದದ್ದು ನಾನು ಕಾಣಲಿಲ್ಲ. ಮಹಾನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಿದ್ದಳು.

ಏಳನೆಯದು ಬಂತು. ಪರದೆಯ ಮೇಲಿನ ಗಿರಣಿಯವನು ನನಗಿಂತ ಎತ್ತರ, ಮೀಸೆ ಬೇರೆ. ಇಣುಕಿದ, ಶಟರ್ ಎಳೆದುಕೊಂಡ, ಕಲ್ಲಿಗೆ ಹಣೆ ಹಚ್ಚಿ ಅಳುತ್ತ ಕೂತ. ಜನ ಗುಜುಗುಜು ಎಂದರು. ನನಗನ್ನಿಸಿದ್ದು ಒಂದೇ, ಈ ಮನುಷ್ಯ ನನಗಿಂತ ಒಳ್ಳೆಯವನು, ಕೊನೇಪಕ್ಷ ಅಲ್ಲೇ ಕೂತು ಅತ್ತ. ಇವನು ಚಹಾ ಕುಡಿಯಲು ಹೋಗಲಿಲ್ಲ.

ಆಮೇಲೆ ಪರದೆ ಕಪ್ಪಾಯಿತು. "ಯವ್ವಾ." ಅದು ಬಸಲಿಂಗನ ಸ್ವಂತ ದನಿ. ಮಹಾನಂದಾ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು. ಮುಂದಿನ ಕ್ಷಣ ಗಿರಣಿ ಗರ್ರೆಂದಿತು. ಕುರ್ಚಿಗಳೆಲ್ಲ ನಡುಗುವಷ್ಟು ಸದ್ದು. ನಿಲ್ಲಲೇ ಇಲ್ಲ. ಪಕ್ಕಕ್ಕೆ ತಿರುಗಿ ನೋಡಿದರೆ ಮಹಾನಂದಾ ಮುಂದಿನ ಕುರ್ಚಿಯ ಮೇಲೆ ಬಾಗಿ, ಕಿವಿಗೆ ಕೈ ಅಡ್ಡ ಹಿಡಿದು, ಆ ಸದ್ದಿನ ತಳದಲ್ಲೆಲ್ಲೋ ಗಂಡನ ದನಿ ಸಿಗುತ್ತದೇನೋ ಎಂದು ಹುಡುಕುತ್ತಿದ್ದಳು. ನಾಲ್ಕು ನಿಮಿಷವೂ ಹಾಗೇ ಕೂತಿದ್ದಳು.

"ನಿಲ್ಲಸ್ರೀ ಇದನ್ನ!" ಎಂದು ಕಲ್ಮೇಶಪ್ಪ ಎದ್ದ. ಹಿಂದಿನಿಂದ ಇನ್ನೂ ಹತ್ತು ದನಿ ಎದ್ದವು. ಯಾರೋ ಚಪ್ಪಲಿ ಎಸೆದರು. ಲೈಟು ಹತ್ತಿತು, ಪಿಕ್ಚರ್ ನಿಂತಿತು. ಕಲ್ಮೇಶಪ್ಪ ಪರದೆಯ ಮುಂದಿನ ಕಟ್ಟೆ ಹತ್ತಿ, "ನಮ್ಮ ಗದಿಗೆಪ್ಪನ್ನ ಈ ಪರಿ ಅವಮಾನ ಮಾಡ್ಯಾರ. ಅಂವನ ಬಾಯಿಲೇ ಕೇಳ್ರಿ" ಎಂದು ನನ್ನನ್ನು ಕರೆದ. ಜನ ದಾರಿ ಬಿಟ್ಟರು. ಹತ್ತಿ ನಿಂತೆ. ಎದುರಿಗೆ ಊರೇ ಇತ್ತು, ವಿಭಾವರಿ ಬಾಗಿಲಲ್ಲಿ ಬಿಳಚಿಕೊಂಡು ನಿಂತಿದ್ದಳು.

"ಪಿಕ್ಚರ್ ಚಾಲೂ ಮಾಡ್ರಿ. ಆಕಿ ಖರೇನ ತೋರಸ್ಯಾಳ" ಎಂದೆ.

ಈಗ ಎಲ್ಲರಿಗೂ ಗೊತ್ತಾಯಿತು, ಈಗ ಬಂದು ಹಿಡಿಯುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಕಲ್ಮೇಶಪ್ಪ ನನ್ನನ್ನು ಬಾಚಿ ತಬ್ಬಿಕೊಂಡ. "ನೋಡ್ರಿ ಎಂಥಾ ದೊಡ್ಡ ಮನಸು! ಮಗಳಂಥಾ ಹುಡುಗಿ ತಪ್ಪ ಮಾಡಿದ್ರೂ ಹೊಟ್ಟ್ಯಾಗ ಹಾಕ್ಕೊಂಡ" ಎಂದು ಕೂಗಿದ. ಟಾಕೀಸೆಲ್ಲ ಚಪ್ಪಾಳೆ. ವಿಭಾವರಿಯೂ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದಳು. ಇನ್ನೂ ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಇಳಿದು ಬಂದು ನನ್ನ ಜಾಗದಲ್ಲಿ ಕೂತೆ. ಪಿಕ್ಚರ್ ಕೊನೆಯವರೆಗೂ ನಡೆಯಿತು.

ಹೊರಗೆ ಬಂದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಮಹಾನಂದಾ ಹೊಸ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ನನ್ನ ಮುಖ ನೋಡದೆ ಹೇಳಿದಳು.

"ಕಡೀತನಕ ಕೂತೆ ಕಾಕಾ. ಎಲ್ಲಾ ಮುಗದ ಮ್ಯಾಲರೆ ಅಂವನ ಉಳದ ಮಾತು ಬಂದೀತು ಅಂತ. ಬರಲಿಲ್ಲ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗಂಡನನ್ನು ಕಳಕೊಂಡವಳಿಗೆ ಅವನ ಎರಡು ಮಾತು ಸಿಗದಂತೆ ಹನ್ನೊಂದು ವರ್ಷ ಕಾವಲು ನಿಂತಿದ್ದೆ, ಪಿಕ್ಚರಿನಲ್ಲಾದರೂ ಸಿಕ್ಕೀತು ಎಂದು ಬಂದವಳಿಗೆ ಅಲ್ಲಿಯೂ ನಾನೇ ಅಡ್ಡ ನಿಂತಿದ್ದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. "ನಾಳೆ ಸಂಜಿಗೆ ಗಿರಣಿಗೆ ಬಾರವಾ. ಆರೂವರಿಗೆ" ಎಂದಷ್ಟೇ ಹೇಳಿದೆ.

ಮರುದಿನ ಅವಳು ಬಂದಳು. ಹಿಟ್ಟಿನ ಡಬ್ಬಿ ತಂದಿರಲಿಲ್ಲ. ಪೇಟೆಯಲ್ಲಿ ಎಂದಿನಷ್ಟೇ ಜನವಿದ್ದರು. ಆರೂ ನಲವತ್ತೈದಾದರೂ ನಾನು ಒಳಗೆ ಹೋಗದೆ ಬೀದಿಯಲ್ಲೇ ನಿಂತದ್ದನ್ನು ಕಂಡು ಎದುರಿನ ಡಬ್ಬಿ ಮಾಡುವವನು, "ಕಾಕಾ, ಹೊತ್ತಾತು. ಕರೆಂಟ ಹೋಗೇತೇನು? ನಾ ತಗಡ ಬಡೀಲೇನು?" ಎಂದ. ಬ್ಯಾಡ ಎಂದೆ. ಬಡಿದರೆ ನಿನ್ನ ಕೈ ಮುರಿತೀನಿ ಎಂದೂ ಅಂದೆನಂತೆ, ನನಗೆ ನೆನಪಿಲ್ಲ. ಮಾತು ಹಬ್ಬಿ ಜನ ಅಂಗಡಿಗಳಿಂದ ಇಳಿದು ಬಂದರು. ಕಲ್ಮೇಶಪ್ಪ ಬಂದ. ವಿಭಾವರಿಯೂ ಬಂದಳು, ಅವಳ ಕೈಯಲ್ಲಿ ಮೈಕಿರಲಿಲ್ಲ.

ಆರೂ ಐವತ್ತಕ್ಕೆ ಬಸಲಿಂಗ ಕೂಗಿದ. "ಯವ್ವಾ." ಆಮೇಲೆ ಆ ಸಮಾಧಾನದ ದನಿ. "ಗದಿಗೆಪ್ಪ ಕಾಕಾ, ಬಾಗಲಾ ತಗೀ. ನೀ ಒಳಗ ಅದೀ ಅಂತ ಗೊತ್ತೈತಿ ನನಗ."

ಒಂದು ಅಕ್ಷರವೂ ಮಸುಕಾಗದೆ ಎಲ್ಲರಿಗೂ ಕೇಳಿತು. ಕಲ್ಮೇಶಪ್ಪ ನನ್ನನ್ನೇ ನೋಡಿದ. "ಹೌದು. ಒಳಗ ಇದ್ದೆ" ಎಂದೆ. ಯಾರೂ ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ಒಬ್ಬೊಬ್ಬರೇ ತಿರುಗಿ ತಮ್ಮ ತಮ್ಮ ಅಂಗಡಿಗೆ ಹೋದರು. ವಿಭಾವರಿ ಮಾತ್ರ ಗೋಡೆಗೆ ಒರಗಿ ನೆಲಕ್ಕೆ ಕುಸಿದಳು. ತಾನು ಕಟ್ಟಿದ ಕಥೆ ನಿಜವಾಗಿದ್ದನ್ನು ಕಂಡು ಸಂತೋಷಪಟ್ಟವಳಂತೆ ಅವಳು ಕಾಣಲಿಲ್ಲ.

ಮಹಾನಂದಾ ಶಟರಿನ ಮುಂದೆ, ದನಿ ಬಂದ ಜಾಗದಲ್ಲೇ, ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಕಡೀಗೆ ಅಂವ ನನ್ನ ಹೆಸರ ಹಿಡದು ಕರದಿರತಾನ ಅನ್ಕೊಂಡಿದ್ನಿ ಕಾಕಾ. ಅದನ್ನ ನಂಬಕೊಂಡ ಹನ್ನೊಂದ ವರ್ಷ ರೊಟ್ಟಿ ಬಡದೆ. ಅಂವ ನಿಮ್ಮನ್ನ ಕರದಾನ."

ನಾನು ಅವಳ ಕಾಲು ಹಿಡಿಯಲು ಬಾಗಿದೆ. ಅವಳು ಹಿಂದೆ ಸರಿದಳು. ಗಿರಣಿ ನಿಲ್ಲಿಸಿ ನಾನು ಪುಣ್ಯದ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳ ಹತ್ತಿರ ಉಳಿದಿದ್ದ ಒಂದೇ ಒಂದು ಸಮಾಧಾನವನ್ನೂ ಕಿತ್ತುಕೊಂಡೆನೆಂದು ಆಗ ತಿಳಿಯಿತು.

"ಏನ ಮಾಡಲೆವಾ ನಾನು?" ಎಂದೆ.

"ಕರದಾನಲ್ರಿ. ಕರದ್ರ ಓ ಅನಬೇಕು" ಎಂದಳು. ಹೇಳಿ ಹೋದಳು.

ವಿಭಾವರಿ ಆಮೇಲೆ ಅವಳ ಮನೆಗೆ ಹೋಗಿದ್ದಳಂತೆ. ಪಿಕ್ಚರ್ ಇನ್ನೂ ಬೇರೆ ಊರುಗಳಲ್ಲಿ ಓಡುತ್ತಿದೆ, ಗಿರಣಿಯ ಸದ್ದು ತೆಗೆದು ಬಸಲಿಂಗನ ಪೂರ್ತಿ ಮಾತು ಹಾಕಲೇ ಎಂದು ಕೇಳಿದಳಂತೆ. "ಬ್ಯಾಡ್ರಿ ಅಕ್ಕಾರ. ಅಂವ ನಿಮ್ಮ ಟಾಕೀಸಿನ ಮಂದೀನ ಕರದಿಲ್ಲ" ಎಂದಳಂತೆ ಮಹಾನಂದಾ. ಹೀಗಾಗಿ ಎಲ್ಲ ಕಡೆಯೂ ಆ ನಾಲ್ಕು ನಿಮಿಷ ಹಾಗೇ ಇದೆ, ಜನ ಅದನ್ನೇ ಹೊಗಳುತ್ತಾರೆ. ಹೊಗಳಲಿ. ಮಚ್ಚಿಗೆ ಸೀಟಿ ಹೊಡೆಸಿದ ಪಿಕ್ಚರ್ ಅದು, ನಾನು ಅದನ್ನು ಕ್ಷಮಿಸುವುದಿಲ್ಲ. ಅದು ಬರದಿದ್ದರೆ ನಾನು ಸಾಯುವತನಕ ಶಾಲಿನವನಾಗಿಯೇ ಇರುತ್ತಿದ್ದೆ, ಅದನ್ನೂ ಇಲ್ಲವೆನ್ನುವುದಿಲ್ಲ.

ಪೇಟೆಯ ಮಂದಿ ಈಗ ಸ್ಟೇಶನ್ ರಸ್ತೆಯ ಗಿರಣಿಗೆ ಹೋಗುತ್ತಾರೆ. ಹೆಂಡತಿ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ಮಹಾನಂದಾಳ ಜೋಳವೂ ನನ್ನಲ್ಲಿಗೆ ಬರುವುದಿಲ್ಲ. ಆದರೆ ಆರೂ ಐವತ್ತಕ್ಕೆ ಅವಳು ಮಾತ್ರ ದಿನವೂ ಬರುತ್ತಾಳೆ. ನಾನು ಶಟರ್ ಪೂರ್ತಿ ಮೇಲೆತ್ತಿ ಬಾಗಿಲಲ್ಲಿ ನಿಲ್ಲುತ್ತೇನೆ, ಅವಳು ಎರಡು ಮಾರು ದೂರದಲ್ಲಿ ನಿಲ್ಲುತ್ತಾಳೆ. ಅವನು ಕರೆಯುತ್ತಾನೆ. ನಾನು ಓ ಎನ್ನಬೇಕು. ಒಂದೇ ಅಕ್ಷರ, ಎಳೆಯ ಕೂಸು ಕೂಡ ಅನ್ನುವಂಥದು. ಎರಡು ತಿಂಗಳಿನಿಂದ ಬಾಯಿ ತೆರೆಯುತ್ತೇನೆ. ಇವತ್ತೂ ತೆರೆದೆ. ಗಂಟಲಿನಿಂದ ಗಾಳಿಯಷ್ಟೇ ಬಂತು.

ಮಹಾನಂದಾ ಸ್ವಲ್ಪ ಹೊತ್ತು ಕಾದು, ಸೆರಗು ಹೊದ್ದುಕೊಂಡು, "ನಾಳೆ ಬರತೀನ್ರಿ" ಎಂದಳು.